ಹೆಸರಿನ ಕಾಲುಚೀಲ: ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಹೆಣೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನಮ್ಮ ಮನೆಯ ಹೊರಕೋಣೆಯ ಕಿಟಕಿ ಸರಳಿಗೆ ಪ್ರತಿ ಡಿಸೆಂಬರಿನಲ್ಲಿ ಹನ್ನೊಂದು ಕಾಲುಚೀಲ ತೂಗುತ್ತವೆ. ಒಂದೊಂದರ ಮೇಲೂ ಮನೆಯ ಒಬ್ಬೊಬ್ಬರ ಹೆಸರು, ಕನ್ನಡದಲ್ಲಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವುಗಳೊಳಗೆ ತಿಂಡಿ, ಸಣ್ಣ ಉಡುಗೊರೆ ತುಂಬುತ್ತೇವೆ. ಮೊದಲನೆಯದನ್ನು ಹೆಣೆದವರು ನಮ್ಮ ಅತ್ತೆ. ಅವರಿಂದ ನಾನು ಕಲಿತೆ, ನನ್ನಿಂದ ನಾದಿನಿಯ ಮಗಳು ಕಲಿತಳು. ನೋಡಿದವರು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಲ್ಲಿಸಿ ಕೇಳುತ್ತಾರೆ. ಕೆಲವರು ಫೋನ್ ಮಾಡುತ್ತಾರೆ. ಗದಗ, ಹಾವೇರಿ ಕಡೆಯ ನೆಂಟರು ಅರ್ಧ ಹೆಣೆದದ್ದನ್ನು ಕೈಚೀಲದಲ್ಲಿ ಹಾಕಿಕೊಂಡೇ ಬರುತ್ತಾರೆ. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಬರೆದಿದ್ದೇನೆ.

## ಸೂಜಿ ಹಿಡಿಯುವ ಮೊದಲು

ಇದು ಬೈಬಲ್‌ನಾಗ ಐತೇನ್ರಿ? ಕಾಲುಚೀಲಕ್ಕೂ ಕ್ರಿಸ್‌ಮಸ್ಸಿಗೂ ಏನ್ ಸಂಬಂಧ?

ಬೈಬಲ್‌ನಲ್ಲಿ ಇಲ್ಲ. ಇದು ಸಂತ ನಿಕೋಲಾಸರ ಕಥೆಯಿಂದ ಬಂದದ್ದು. ಅವರು 4ನೇ ಶತಮಾನದಲ್ಲಿ ಮೈರಾ ಎಂಬ ಊರಿನ ಬಿಷಪ್ ಆಗಿದ್ದರು. ಆ ಊರು ಈಗಿನ ಟರ್ಕಿಯಲ್ಲಿದೆ. ಒಬ್ಬ ಬಡ ತಂದೆಗೆ ಮೂವರು ಹೆಣ್ಣುಮಕ್ಕಳು. ಮದುವೆಗೆ ಕೊಡಲು ಅವನ ಹತ್ತಿರ ಏನೂ ಇಲ್ಲ. ನಿಕೋಲಾಸರು ರಾತ್ರಿ ಯಾರಿಗೂ ಕಾಣದಂತೆ ಬಂದು ಚಿನ್ನ ಎಸೆದು ಹೋದರಂತೆ. ಒಣಗಲು ಹಾಕಿದ್ದ ಕಾಲುಚೀಲದಲ್ಲಿ ಅದು ಬಿತ್ತು ಎಂದು ಕಥೆಯನ್ನು ಹೇಳುವ ಒಂದು ಬಗೆ ಇದೆ. ಕಾಲುಚೀಲದ ತುದಿಗೆ ಕಿತ್ತಳೆ ಹಣ್ಣು ಹಾಕುವುದು ಆ ಚಿನ್ನದ ನೆನಪಿಗೆ. ಅವರ ಹಬ್ಬ ಡಿಸೆಂಬರ್ 6ಕ್ಕೆ. ಜರ್ಮನಿಯಲ್ಲಿ ಹಿಂದಿನ ರಾತ್ರಿ ಮಕ್ಕಳು ಬೂಟು ಇಡುತ್ತಾರೆ. ಇಂಗ್ಲೆಂಡ್, ಅಮೆರಿಕದಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಕಾಲುಚೀಲ ತೂಗುತ್ತಾರೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಬಂದವರಲ್ಲಿ ಹೆಚ್ಚಿನವರು ಜರ್ಮನ್ ಮತ್ತು ಸ್ವಿಸ್ ಜನ. ಆದರೆ ನಮ್ಮ ಮನೆಗೆ ಕಾಲುಚೀಲ ಅವರಿಂದ ಬರಲಿಲ್ಲ. ರೈಲ್ವೆ ಕಾಲೊನಿಯ ನೆರೆಮನೆಯ ಅಜ್ಜಿಯನ್ನು ನೋಡಿ ಕಲಿತೆ ಎಂದು ಅತ್ತೆ ಹೇಳುತ್ತಿದ್ದರು.

ನಾವು ಕ್ರಿಶ್ಚಿಯನ್ನರಲ್ಲ. ಮಗಳು ಗೆಳತಿ ಮನೆಯಲ್ಲಿ ನೋಡಿ ನನಗೂ ಬೇಕು ಅಂತಾಳೆ. ಮಾಡಬಹುದಾ?

ಮಾಡಿ. ಮಗುವಿಗೆ ತನ್ನ ಹೆಸರು ಬರೆದ ಒಂದು ಚೀಲ ಬೇಕು, ಅದರಲ್ಲಿ ಬೆಳಗಾಗುವಷ್ಟರಲ್ಲಿ ಏನೋ ಬಂದಿರಬೇಕು. ಅದಕ್ಕೆ ಯಾರ ಅಪ್ಪಣೆ ಬೇಕು? ನಮ್ಮ ಓಣಿಯಲ್ಲೇ ಒಬ್ಬರು ಹುಟ್ಟುಹಬ್ಬಕ್ಕೆ ತೂಗುತ್ತಾರೆ.

ಸೂಜಿ ಕೈಯಾಗ ಹಿಡದ ಗೊತ್ತಿಲ್ರಿ. ಸ್ವೆಟರ್ ಬಿಟ್ಟು ನೇರ ಇದನ್ನ ಮಾಡಬಹುದೇನು?

ಕಲಿಯಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ ಅಂತಲೇ ನನ್ನ ಅನಿಸಿಕೆ. ಸ್ವೆಟರ್ ಆದರೆ ಮೈಗೆ ಸರಿಯಾಗಿ ಕೂರಬೇಕು. ಇದನ್ನು ಯಾರೂ ತೊಡುವುದಿಲ್ಲ, ತೂಗುತ್ತೇವೆ ಅಷ್ಟೇ. ಒಂದು ಬೆರಳು ಅಗಲ ಹೆಚ್ಚಾದರೆ ಒಂದು ಚಿಕ್ಕಿ ಜಾಸ್ತಿ ಹಿಡಿಯುತ್ತದೆ.

ಮೊದಲು ಕಲಿಯಬೇಕಾದದ್ದು ಮೂರೇ: ಸೂಜಿಗೆ ಕುಣಿಕೆ ಹಾಕುವುದು, ಸೀದಾ (ನಿಟ್) ಹೆಣೆಯುವುದು, ಉಲ್ಟಾ (ಪರ್ಲ್) ಹೆಣೆಯುವುದು. ಒಂದು ವಾರ 20 ಕುಣಿಕೆಯ ಸಣ್ಣ ಪಟ್ಟಿ ಹೆಣೆದು ಬಿಚ್ಚಿ, ಮತ್ತೆ ಹೆಣೆಯಿರಿ. ಕಸೂತಿ ಬರುವವರಿಗೆ ಇನ್ನೂ ಸುಲಭ. ಎಳೆ ಎಣಿಸುವ ಅಭ್ಯಾಸ ಅವರ ಕಣ್ಣಿಗೆ ಆಗಲೇ ಇರುತ್ತದೆ.

ಯಾವಾಗ ಶುರು ಮಾಡಿದರೆ ಹಬ್ಬಕ್ಕೆ ಮುಗಿಯುತ್ತದೆ?

ಗಣಪತಿ ಹಬ್ಬಕ್ಕೆ ಶುರು ಮಾಡಿ. ಬೇಗ ಆಯಿತು ಅನಿಸಬಹುದು, ಲೆಕ್ಕ ನೋಡಿ. ನಮ್ಮ ಮನೆ ಅಳತೆಯ ಒಂದು ಕಾಲುಚೀಲದಲ್ಲಿ ಸುಮಾರು 11,500 ಕುಣಿಕೆ ಇರುತ್ತವೆ. ಹೊಸಬರು ನಿಮಿಷಕ್ಕೆ 15 ಹೆಣೆದರೂ 13 ಗಂಟೆ ಬೇಕು. ದಿನಕ್ಕೆ ಅರ್ಧ ಗಂಟೆ ಕೂತರೆ ಒಂದು ತಿಂಗಳು. ತಪ್ಪಿ ಬಿಚ್ಚುವುದು, ಹೆಸರು ಹೊಲಿಯುವುದು, ನಡುವೆ ದಸರೆ, ದೀಪಾವಳಿ, ನೆಂಟರು. ನಾವು ಅಡ್ವೆಂಟಿನ, ಅಂದರೆ ಕ್ರಿಸ್‌ಮಸ್ಸಿಗೆ ಸಿದ್ಧವಾಗುವ ವಾರಗಳ, ಮೊದಲ ಭಾನುವಾರ ತೂಗುತ್ತೇವೆ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಅಷ್ಟರಲ್ಲಿ ಕೈ ಖಾಲಿ ಇರಬೇಕು. ಆಮೇಲೆ ಕರ್ಚಿಕಾಯಿ, ಚಕ್ಕಲಿ ಕೆಲಸ ಶುರುವಾಗುತ್ತದೆ.

ಸುಮ್ನೆ ರೆಡಿಮೇಡ್ ತಗೊಂಡ್ರ ಆಗಂಗಿಲ್ಲೇನು?

ಆಗುತ್ತದೆ. ಕೈಗೆ ಪುರುಸೊತ್ತು ಇಲ್ಲದವರು ತರಲಿ, ತಪ್ಪೇನೂ ಇಲ್ಲ. ಅದರ ಮೇಲೆ ಹೆಸರನ್ನಾದರೂ ಮನೆಯವರೇ ಹೊಲಿಯಿರಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ನನ್ನ ಗಂಡನ ಕಾಲುಚೀಲದಲ್ಲಿ ಅತ್ತೆ ಒಂದು ಸಾಲು ತಪ್ಪಿದ್ದಾರೆ. ಐವತ್ತು ದಾಟಿದ ಮನುಷ್ಯ ಪ್ರತಿ ವರ್ಷ ಆ ಸಾಲಿನ ಮೇಲೆ ಬೆರಳು ಆಡಿಸಿಯೇ ಅದನ್ನು ತೂಗುತ್ತಾರೆ.

## ಉಣ್ಣೆ ಮತ್ತು ಸೂಜಿ

ಯಾವ ಉಲನ್ ತರಬೇಕು? ಅಂಗಡ್ಯಾಗ ಕೇಳಿದ್ರ ನೂರೆಂಟು ತೋರಸ್ತಾರ.

ನಮ್ಮ ಅಂಗಡಿಗಳಲ್ಲಿ ಎಲ್ಲಕ್ಕೂ ಉಲನ್ ಅನ್ನುತ್ತಾರೆ. ಆದರೆ ಹೆಚ್ಚಿನದು ಅಕ್ರಿಲಿಕ್, ಅಂದರೆ ಕೃತಕ ನೂಲು. ಗೊತ್ತಾಗಬೇಕಾದರೆ ಒಂದು ಎಳೆ ಸುಟ್ಟು ನೋಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಮೊದಲ ಸಲಕ್ಕೆ ಅಕ್ರಿಲಿಕ್ಕೇ ಒಳ್ಳೆಯದು. ಬೆಲೆ ಕಡಿಮೆ, ಒಗೆಯಬಹುದು, ಹುಳ ತಿನ್ನುವುದಿಲ್ಲ. ನಾಲ್ಕು ಮಿಲಿಮೀಟರ್ ಸೂಜಿಗೆ ಹೊಂದುವ ದಪ್ಪ ಕೇಳಿ. ಮುಖ್ಯ ಬಣ್ಣ 100 ಗ್ರಾಂ, ಹೆಸರಿಗೂ ಅಂಚಿಗೂ ಇನ್ನೊಂದು ಬಣ್ಣ 50 ಗ್ರಾಂ ಸಾಕು, ಸ್ವಲ್ಪ ಉಳಿಯುತ್ತದೆ. ಎರಡು ಉಂಡೆ ತರುವುದಾದರೆ ಒಂದೇ ಲಾಟ್ ನಂಬರ್ ಇದೆಯಾ ನೋಡಿ. ಅಂಗಡಿಯ ದೀಪದಲ್ಲಿ ಒಂದೇ ಕೆಂಪು ಅನಿಸಿದ್ದು ಮನೆಯ ಬಿಸಿಲಿನಲ್ಲಿ ಎರಡು ಕೆಂಪಾಗುತ್ತದೆ. ಕೆಂಪು, ಬಿಳಿ ಕೂಡಿಸುವಾಗ ಕೆಂಪು ಎಳೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಹಿಂಡಿ. ಬಣ್ಣ ಬಿಟ್ಟರೆ ಆ ನೂಲು ಬೇಡ.

ನಮ್ಮ ಕಡೆ ಕಂಬಳಿ ನೂಲು ಸಿಗತದ. ಅದರಿಂದ ಹೆಣದ್ರ ಹೆಂಗ?

ರಾಣೇಬೆನ್ನೂರು ಕಡೆಯವರು ಇದನ್ನು ಕೇಳಿದಾಗ ನನಗೆ ತುಂಬಾ ಖುಷಿಯಾಯಿತು. ಮೆಡ್ಲೇರಿಯ ಕಂಬಳಿ ಎಲ್ಲರಿಗೂ ಗೊತ್ತು. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ಸ್ವೆಟರಿಗೆ ಆಗುವುದಿಲ್ಲ. ಆದರೆ ತೂಗುವ ಕಾಲುಚೀಲಕ್ಕೆ ಅದರ ಒರಟುತನವೇ ಅನುಕೂಲ. ಗಟ್ಟಿಯಾಗಿ ನಿಲ್ಲುತ್ತದೆ, ಜೋತು ಬೀಳುವುದಿಲ್ಲ. ಹೆಚ್ಚಾಗಿ ಕಪ್ಪು ಬಣ್ಣ. ಆ ಕಪ್ಪಿನ ಮೇಲೆ ಕೆಂಪು ಅಥವಾ ಬಿಳಿ ಹೆಸರು ದೂರದಿಂದಲೇ ಓದಲು ಬರುತ್ತದೆ.

ಕೇಳುವಾಗ ಒಂದು ಮಾತು ಹೇಳಿ: ಗಂಜಿ ಹಾಕದ ನೂಲು ಬೇಕು. ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುವ ರೂಢಿ ಇದೆ. ಗಂಜಿಯ ನೂಲು ಸೂಜಿಯ ಮೇಲೆ ಜಾರುವುದಿಲ್ಲ. ಕೈಯಿಂದ ನೂತದ್ದಾದ್ದರಿಂದ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತಿಕ್ಕದೆ ಹಿಂಡಿ, ನೆರಳಲ್ಲಿ ಒಣಗಿಸಿ, ಆಮೇಲೆ ಹೆಣೆಯಿರಿ. ಐದು ಮಿಲಿಮೀಟರ್ ಸೂಜಿ ತೆಗೆದುಕೊಳ್ಳಿ. ನಮ್ಮ ಮನೆ ಅಳತೆಯ 64 ಕುಣಿಕೆಯ ಬದಲು 48 ಸಾಕಾಗುತ್ತದೆ. ಇದಕ್ಕೆ ಮಾತ್ರ ಹುಳದ ಭಯ ಇದೆ, ಕೊನೆಗೆ ಹೇಳುತ್ತೇನೆ.

ಅಮೆರಿಕದ ಪ್ಯಾಟರ್ನ್‌ನಾಗ 8 ನಂಬರ್ ಸೂಜಿ ಅಂತಿತ್ತು. 8 ನಂಬರೇ ತಂದೆ. ಆದ್ರೂ ಚೀಲ ಸಣ್ಣದಾತು, ಯಾಕ?

ನಂಬರ್ ಒಂದೇ, ಸೂಜಿ ಬೇರೆ. ಅಮೆರಿಕದ 8 ಅಂದರೆ 5 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಹಳೆಯ ಇಂಗ್ಲಿಷ್ ನಂಬರ್ ನಡೆಯುತ್ತದೆ. ಅದರಲ್ಲಿ 8 ಅಂದರೆ 4 ಮಿಲಿಮೀಟರ್. ಇನ್ನೂ ಒಂದು ಗೊಂದಲ ಇದೆ. ಅಮೆರಿಕದಲ್ಲಿ ನಂಬರ್ ಏರಿದ ಹಾಗೆ ಸೂಜಿ ದಪ್ಪ, ನಮ್ಮಲ್ಲಿ ನಂಬರ್ ಏರಿದ ಹಾಗೆ ಸಣ್ಣ. ನಮ್ಮ 10 ನಂಬರ್ 3.25 ಮಿಲಿಮೀಟರ್, 6 ನಂಬರ್ 5 ಮಿಲಿಮೀಟರ್. ನಂಬರ್ ಮರೆತುಬಿಡಿ, ಮಿಲಿಮೀಟರ್ ಕೇಳಿ ತನ್ನಿ.

ಮಗನ ಹಳೆ ಸ್ವೆಟರ್ ಇದೆ. ಬಿಚ್ಚಿ ಅದರಿಂದಲೇ ಹೆಣೆಯಬಹುದಾ?

ಬಹಳ ಚಂದ ಆಗುತ್ತದೆ. ಆದರೆ ಬಿಚ್ಚುವ ಮೊದಲು ಪಕ್ಕದ ಹೊಲಿಗೆ ನೋಡಿ. ಅಂಚು ಕತ್ತರಿಸಿ ಮಷಿನ್‌ನಲ್ಲಿ ಸುತ್ತು ಹೊಲಿದಿದ್ದರೆ ಅದು ಬಟ್ಟೆಯಂತೆ ಕತ್ತರಿಸಿದ ಸ್ವೆಟರ್. ಬಿಚ್ಚಿದರೆ ಸಾಲಿಗೊಂದು ತುಂಡು ನೂಲು ಬರುತ್ತದೆ, ಉಪಯೋಗ ಇಲ್ಲ. ಅಂಚಿನಲ್ಲಿ ಕುಣಿಕೆಗಳು ಪೂರ್ತಿ ಇದ್ದರೆ ಹೊಲಿಗೆ ಬಿಡಿಸಿ, ಕೊರಳ ಕಡೆಯಿಂದ ಎಳೆಯಿರಿ. ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಒದ್ದೆ ಮಾಡಿ, ಕೆಳಗೆ ಸಣ್ಣ ಭಾರ ತೂಗಿಸಿ ಒಣಗಿಸಿ. ಗುಂಗುರು ಇಳಿಯುತ್ತದೆ.

## ಹೆಣೆಯುವಾಗ

ಎಷ್ಟು ಕುಣಿಕೆ ಹಾಕಲಿ? ಎಷ್ಟು ಉದ್ದ ಮಾಡಲಿ?

ಮೊದಲು ಒಂದು ತುಂಡು ಹೆಣೆದು ಅಳೆಯಿರಿ. ನನ್ನ ಕೈಯಲ್ಲಿ 4 ಮಿಲಿಮೀಟರ್ ಸೂಜಿಗೆ 10 ಸೆಂಟಿಮೀಟರ್ ಅಗಲದಲ್ಲಿ 22 ಕುಣಿಕೆ, 10 ಸೆಂಟಿಮೀಟರ್ ಎತ್ತರದಲ್ಲಿ 30 ಸಾಲು ಬರುತ್ತದೆ. ನಿಮ್ಮ ಕೈ ಬಿಗಿ ಇದ್ದರೆ ಒಂದು ಅಳತೆ ದಪ್ಪ ಸೂಜಿ ತೆಗೆದುಕೊಳ್ಳಿ.

ನಮ್ಮ ಮನೆಯ ಅಳತೆ ಇದು. 64 ಕುಣಿಕೆ. ಮಡಚಿ ಇಟ್ಟಾಗ ಸುಮಾರು 14.5 ಸೆಂಟಿಮೀಟರ್ ಅಗಲ. ಬಾಯಿಯಿಂದ ಹಿಮ್ಮಡಿಯವರೆಗೆ 90 ಸುತ್ತು, ಅಂದರೆ 30 ಸೆಂಟಿಮೀಟರ್. ಮೊದಲ 6 ಸುತ್ತು ಒಂದು ಸೀದಾ, ಒಂದು ಉಲ್ಟಾ ಸುತ್ತು ಹೆಣೆಯಿರಿ, ಆಗ ಬಾಯಿ ಸುರುಳಿ ಸುತ್ತಿಕೊಳ್ಳುವುದಿಲ್ಲ. ಬಾಯಿಯನ್ನು ಹೊರಗೆ ಮಡಚುವುದು ಬೇಡ, ಹೆಸರಿನ ಜಾಗ ಗೊಂದಲವಾಗುತ್ತದೆ.

ಈ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೂಜಿಯ ಮಿಲಿಮೀಟರ್, ಕುಣಿಕೆ, ಸುತ್ತು, ನೂಲಿನ ಚೀಟಿ, ಒಂದು ಗೇಣು ನೂಲು. ಯಾರಿಗಾಗಿ, ಯಾವ ವರ್ಷ ಅನ್ನುವುದೂ ಇರಲಿ. ಈ ವರ್ಷ ಒಂದೇ ಹೆಣೆಯುತ್ತೀರಿ. ಹದಿನೈದು ವರ್ಷದ ನಂತರ ಸೊಸೆಗೆ ಹೆಣೆಯುವಾಗ ಅದು ಉಳಿದವುಗಳ ಪಕ್ಕದಲ್ಲಿ ಅದೇ ಅಳತೆಗೆ ತೂಗಬೇಕು. ಬೇರೆ ಅಳತೆಯ ಕಾಲುಚೀಲ ಅವಳನ್ನು ಬೇರೆ ಮಾಡಿ ತೋರಿಸುತ್ತದೆ. ನಾನು ಇದನ್ನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಎರಡು ಸೂಜಿಯಲ್ಲಿ ಹೆಣೆಯಲಾ, ನಾಲ್ಕು ಸೂಜಿಯಲ್ಲಾ?

ನಾಲ್ಕು ಸೂಜಿಯಲ್ಲಿ, ಸುತ್ತು ಹೆಣಿಗೆ. ಮೂರರ ಮೇಲೆ ಕುಣಿಕೆ, ನಾಲ್ಕನೆಯದರಿಂದ ಹೆಣೆಯುವುದು. ಎರಡು ಸೂಜಿಯಲ್ಲಿ ಕಾಲಿನ ಭಾಗ ಸುಲಭ ಅನಿಸಿದರೂ ಹಿಮ್ಮಡಿಯ ಹತ್ತಿರ ತೊಡಕಾಗುತ್ತದೆ, ಹಿಂದೆ ಹೊಲಿಗೆಯೂ ಉಬ್ಬುತ್ತದೆ. ಸುತ್ತು ಕೂಡಿಸುವ ಮೊದಲು ಎಲ್ಲ ಕುಣಿಕೆಗಳ ಬುಡ ಕೆಳಮುಖವಾಗಿದೆಯಾ ನೋಡಿ. ಒಂದು ಕಡೆ ತಿರುಚಿದ್ದರೆ ಆಮೇಲೆ ಸರಿ ಮಾಡಲು ಬರುವುದಿಲ್ಲ, ಪೂರ್ತಿ ಬಿಚ್ಚಬೇಕು.

ಹಿಮ್ಮಡಿ ಬಂತಂದ್ರ ಕೈ ನಡಗ್ತಾವ್ರಿ. ಬಿಡಿಸಿ ಹೇಳ್ತೀರೇನು?

ಎಲ್ಲರೂ ನಿಲ್ಲುವುದು ಇಲ್ಲೇ. ಒಂದು ಸಲ ಕೈಗೆ ಬಂದರೆ ಇಡೀ ಕಾಲುಚೀಲದಲ್ಲಿ ಇದರಷ್ಟು ಖುಷಿ ಕೊಡುವ ಭಾಗ ಇನ್ನೊಂದಿಲ್ಲ. ಚಪ್ಪಟೆ ಪಟ್ಟಿಯೊಂದು ಕಣ್ಣೆದುರೇ ಬಟ್ಟಲಾಗುತ್ತದೆ.

64ರಲ್ಲಿ ಅರ್ಧ, 32 ಕುಣಿಕೆ ಹಿಮ್ಮಡಿಗೆ. ಉಳಿದ 32 ಸೂಜಿಯ ಮೇಲೆ ಸುಮ್ನೆ ಕಾಯುತ್ತಿರಲಿ. ಹಿಮ್ಮಡಿಯ 32ನ್ನು ಹಿಂದೆ ಮುಂದೆ 32 ಸಾಲು ಹೆಣೆಯಿರಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ದಾಟಿಸಿ. ಆಗ ಎರಡೂ ಅಂಚಿನಲ್ಲಿ ಜಡೆಯ ಹಾಗೆ 16 ಉದ್ದ ಕುಣಿಕೆ ಬರುತ್ತವೆ.

ಈಗ ತಿರುವು. ಸೀದಾ ಬದಿಯಲ್ಲಿ 18 ಹೆಣೆಯಿರಿ. ಮುಂದಿನ ಎರಡನ್ನು ಕೂಡಿಸಿ ಒಂದು ಮಾಡಿ. ಇನ್ನೊಂದು ಹೆಣೆಯಿರಿ. ಸಾಲು ಮುಗಿಯದಿದ್ದರೂ ಅಲ್ಲೇ ತಿರುಗಿಸಿ. ಉಲ್ಟಾ ಬದಿಯಲ್ಲಿ ಒಂದು ದಾಟಿಸಿ, 5 ಹೆಣೆದು, ಎರಡು ಕೂಡಿಸಿ, ಇನ್ನೊಂದು ಹೆಣೆದು ಮತ್ತೆ ತಿರುಗಿಸಿ. ಇಲ್ಲಿಂದ ಎಣಿಸುವುದೇ ಬೇಡ. ಹಿಂದಿನ ಸಲ ತಿರುಗಿಸಿದ ಜಾಗದಲ್ಲಿ ಒಂದು ಸಂದು ಕಾಣುತ್ತದೆ. ಸಂದಿನ ಈಚೆಯದು ಒಂದು, ಆಚೆಯದು ಒಂದು ಕೂಡಿಸಿ, ಇನ್ನೊಂದು ಹೆಣೆದು ತಿರುಗಿಸುತ್ತ ಹೋಗಿ. ಕೊನೆಯ ಎರಡು ಸಾಲಿನಲ್ಲಿ ಆ ಇನ್ನೊಂದು ಕುಣಿಕೆ ಉಳಿದಿರುವುದಿಲ್ಲ, ಕೂಡಿಸಿದಲ್ಲಿಗೆ ಸಾಲು ಮುಗಿಯುತ್ತದೆ. ಆಗ ಸೂಜಿಯ ಮೇಲೆ 18 ಇರಬೇಕು.

ಜಡೆ ಅಂಚಿನಿಂದ ಈ ಬದಿ 16, ಆ ಬದಿ 16 ಎತ್ತಿಕೊಳ್ಳಿ. ಕಾಯುತ್ತಿದ್ದ 32 ಸೇರಿ ಒಟ್ಟು 82. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ, ಹಿಮ್ಮಡಿಯ ಭಾಗವೂ ಮೇಲಿನ ಭಾಗವೂ ಕೂಡುವ ಎರಡು ಮೂಲೆಯಲ್ಲಿ ಒಂದೊಂದು ಕಡಿಮೆ ಮಾಡಿ. ಒಂಬತ್ತು ಬಾರಿಗೆ ಮತ್ತೆ 64 ಆಗುತ್ತದೆ. ಮುಂದೆ ಪಾದಕ್ಕೆ 40 ಸುತ್ತು ನೆಟ್ಟಗೆ. ತುದಿಗೆ ಒಂದು ಸುತ್ತು ಬಿಟ್ಟು ಒಂದಕ್ಕೆ ನಾಲ್ಕು ಕಡೆ ಕಡಿಮೆ ಮಾಡುತ್ತ 24ಕ್ಕೆ ಇಳಿಸಿ, ನೂಲನ್ನು ಎಲ್ಲ ಕುಣಿಕೆಯಲ್ಲಿ ಪೋಣಿಸಿ ಬಿಗಿಯಾಗಿ ಎಳೆದು ಒಳಗೆ ಗಂಟು ಹಾಕಿ.

## ಹೆಸರು

ಕನ್ನಡದಾಗ ಹೆಸರು ಹಾಕಿದ್ರ ಅಕ್ಷರ ಎಲ್ಲಾ ಚಪ್ಪಟಿ ಆಗ್ತಾವು. ಇಂಗ್ಲಿಷಿನಾಗ ಹಾಕೂದಽ ಚಲೋ ಏನು?

ದಯವಿಟ್ಟು ಕನ್ನಡ ಬಿಡಬೇಡಿ. ತಪ್ಪು ಅಕ್ಷರದ್ದಲ್ಲ, ಗ್ರಾಫ್ ಹಾಳೆಯದು. ಹಾಳೆಯ ಮನೆ ಚೌಕ. ಹೆಣಿಗೆಯ ಕುಣಿಕೆ ಚೌಕ ಅಲ್ಲ, ಅಗಲ ಜಾಸ್ತಿ, ಎತ್ತರ ಕಡಿಮೆ. ಹತ್ತು ಮನೆ ಅಗಲ, ಹತ್ತು ಮನೆ ಎತ್ತರದ ಗುಂಡು ಹೆಣೆದರೆ ಅದು 4.5 ಸೆಂಟಿಮೀಟರ್ ಅಗಲ, 3.3 ಸೆಂಟಿಮೀಟರ್ ಎತ್ತರ ಬರುತ್ತದೆ. ಇಂಗ್ಲಿಷಿನ ಗೆರೆ ಅಕ್ಷರಗಳಲ್ಲಿ ಈ ಕುಗ್ಗುವಿಕೆ ಅಷ್ಟು ಕಾಣುವುದಿಲ್ಲ. ಕನ್ನಡ ಅಕ್ಷರ ದುಂಡಗೆ, ಅದಕ್ಕೇ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಹತ್ತು ಕುಣಿಕೆ ಅಗಲಕ್ಕೆ ಹದಿನಾಲ್ಕು ಸಾಲು ಎತ್ತರ ಕೊಡಿ. ಹಾಳೆಯ ಮೇಲೆ ಅಕ್ಷರ ಉದ್ದುದ್ದ, ಸೊರಗಿದ ಹಾಗೆ ಕಾಣುತ್ತದೆ. ಹೆದರಬೇಡಿ, ನೂಲಿನಲ್ಲಿ ದುಂಡಗಾಗುತ್ತದೆ. ಮೇಲೆ ತಲೆಕಟ್ಟಿಗೆ ಎರಡು ಸಾಲು, ಕೆಳಗೆ ಒತ್ತಕ್ಷರ ಇದ್ದರೆ ಆರು ಏಳು ಸಾಲು ಬೇರೆಯಾಗಿ ಬಿಡಿ. ಇದಕ್ಕಿಂತ ಸಣ್ಣದು ಮಾಡಲು ಹೋದರೆ ಠ ಒಳಗಿನ ಚುಕ್ಕೆ ಹೋಗಿ ರ ಆಗುತ್ತದೆ, ಪ ಮುಚ್ಚಿಕೊಂಡು ವ ಆಗುತ್ತದೆ. ಪೌಲ ಹೋಗಿ ವೌಲ ಆದರೆ ಮಗು ಒಪ್ಪುತ್ತದಾ? ಅತ್ತೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹತ್ತು ಮೊಮ್ಮಕ್ಕಳ ಕಾಲುಚೀಲ ಕತ್ತಲಲ್ಲಿ ತುಂಬುವಾಗ ಯಾರದು ಯಾವುದು ಎಂದು ಅವರು ಬೆರಳಿನಿಂದ ಓದುತ್ತಿದ್ದರು. ಕನ್ನಡದಲ್ಲಿ ಬರೆಯಲು ನನಗೆ ಇಷ್ಟು ಕಾರಣ ಸಾಕು.

ಹೆಸರನ್ನು ಹೆಣೆಯುತ್ತಲೇ ಹಾಕಬೇಕಾ, ಆಮೇಲೆ ಹೊಲಿಯಬೇಕಾ?

ಆಮೇಲೆ ಹೊಲಿಯಿರಿ. ಹೆಣೆದ ಕುಣಿಕೆಯ ಮೇಲೆಯೇ ಇನ್ನೊಂದು ಬಣ್ಣದ ನೂಲು ಓಡಿಸುವ ಹೊಲಿಗೆ ಇದೆ. ಸೀದಾ ಬದಿಯಲ್ಲಿ ಒಂದೊಂದು ಕುಣಿಕೆಯೂ ಎರಡು ಕಾಲಿನ ಸಣ್ಣ ರೂಪದಲ್ಲಿ ಕಾಣುತ್ತದೆ, ಬುಡದಲ್ಲಿ ಕಾಲು ಕೂಡಿರುತ್ತವೆ. ಮೊಂಡು ತುದಿಯ ದೊಡ್ಡ ಸೂಜಿಯಿಂದ ಆ ಬುಡದಲ್ಲಿ ನೂಲು ಮೇಲೆ ತನ್ನಿ. ಅದರ ಮೇಲಿನ ಕುಣಿಕೆಯ ಎರಡೂ ಕಾಲಿನ ಹಿಂದಿನಿಂದ ದಾಟಿಸಿ. ಮತ್ತೆ ಅದೇ ಬುಡಕ್ಕೆ ಇಳಿಸಿ. ಹೆಣೆದದ್ದೋ ಹೊಲಿದದ್ದೋ ಗೊತ್ತಾಗುವುದಿಲ್ಲ. ತಪ್ಪಿದರೆ ಬರೀ ಹೆಸರು ಬಿಚ್ಚಿದರೆ ಸಾಕು.

ನಮ್ಮ ಹುಡುಗನ ಹೆಸರು ಸ್ಯಾಮುವೆಲ್. ಹಿಡಿಸೋದೇ ಇಲ್ಲ.

ಮುಂಭಾಗದಲ್ಲಿ ಸಿಗುವುದು 32 ಕುಣಿಕೆ. ಅಂಚಿಗೆ ಎರಡೆರಡು ಬಿಟ್ಟರೆ 28. ಹತ್ತು ಕುಣಿಕೆ ಅಗಲದ ಅಕ್ಷರ ಎರಡಕ್ಕಿಂತ ಜಾಸ್ತಿ ಕೂರುವುದಿಲ್ಲ. ಸ್ಯಾಮು ಒಂದು ಸಾಲು, ವೆಲ್ ಕೆಳಗಿನ ಸಾಲು ಮಾಡಬಹುದು. ನನಗೆ ಇಷ್ಟವಾದದ್ದು ಅಂಗಡಿ ಬೋರ್ಡಿನ ಹಾಗೆ ಒಂದರ ಕೆಳಗೊಂದು ಬರೆಯುವುದು. ಕಾಲಿನ ಉದ್ದಕ್ಕೆ ಚೆನ್ನಾಗಿ ಹೊಂದುತ್ತದೆ. ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಅದನ್ನೇ ಹಾಕಿ. ಶಾಲೆಯ ಹೆಸರು ಶಾಲೆಗೆ ಇರಲಿ.

ಹೆಸರು ಹೆಣೆದ ಮೇಲೆ ನೋಡಿದ್ರ ತಲೆಕೆಳಗ ಬಂದೈತಿ!

ನನಗೂ ಮೊದಲ ಸಲ ಹೀಗೇ ಆಯಿತು, ಅತ್ತೆಯ ಮುಂದೆ ಅತ್ತುಬಿಟ್ಟೆ. ಕಾರಣ ಇದು. ನಾವು ಬಾಯಿಯಿಂದ ಶುರು ಮಾಡುತ್ತೇವೆ. ಹೆಣೆಯುವಾಗ ಬಾಯಿ ಕೆಳಗೆ ಇರುತ್ತದೆ, ತೂಗಿದಾಗ ಮೇಲೆ ಬರುತ್ತದೆ. ಹೆಣೆಯುತ್ತಲೇ ಹೆಸರು ಹಾಕುವವರು ಚಾರ್ಟಿನ ಕಾಗದವನ್ನೇ ತಲೆಕೆಳಗೆ ತಿರುಗಿಸಿ, ಎಂದಿನ ಹಾಗೆ ಕೆಳಗಿನ ಬಲಮೂಲೆಯಿಂದ ಓದಬೇಕು. ಆಮೇಲೆ ಹೊಲಿಯುವವರಿಗೆ ಈ ಕಷ್ಟವೇ ಇಲ್ಲ.

ಕಸೂತಿಯ ತೇರು, ನವಿಲು, ಆನೆ ಅಂಬಾರಿ ಹೆಣಿಗೆಯಲ್ಲಿ ಬರುತ್ತದಾ?

ಕೆಲವು ಬರುತ್ತವೆ. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ನೇಗಿಯಲ್ಲಿ ನೇಯ್ಗೆಯ ಹಾಗೆ ಜಾಗ ತುಂಬುತ್ತದೆ, ಅದನ್ನು ಎರಡು ಬಣ್ಣದ ಹೆಣಿಗೆಗೆ ತರಬಹುದು. ಗಾವಂತಿ, ಮುರಗಿಯ ಚಿತ್ರಗಳು ಬರೀ ಗೆರೆ. ಕುಣಿಕೆ ಅಷ್ಟು ಸಣ್ಣ ಗೆರೆ ಎಳೆಯಲಾರದು. ಅಂತಹ ಗೋಪುರ ಬೇಕೆಂದರೆ ಹೆಣೆದ ಮೇಲೆ ದಾರದಿಂದ ಕಸೂತಿಯನ್ನೇ ಹಾಕಿ.

ಎರಡು ಬಣ್ಣ ಹೆಣೆಯುವಾಗ ಕೆಲಸಕ್ಕೆ ಬಾರದ ನೂಲು ಹಿಂದೆ ಓಡುತ್ತಿರುತ್ತದೆ. ಐದು ಕುಣಿಕೆಗಿಂತ ಉದ್ದ ಅದನ್ನು ಸಡಿಲ ಬಿಡಬೇಡಿ, ನಡುವೆ ಒಮ್ಮೆ ಸಿಕ್ಕಿಸಿ. ಇಲ್ಲದಿದ್ದರೆ ಮಕ್ಕಳ ಬೆರಳು ಒಳಗೆ ಸಿಕ್ಕಿ ಎಲ್ಲ ಎಳೆದುಕೊಳ್ಳುತ್ತದೆ. ಇಲ್ಲಿಯೂ ಎತ್ತರಕ್ಕೆ ಸಾಲು ಹೆಚ್ಚಿಸಬೇಕು. ನನ್ನ ಮೊದಲ ನವಿಲು ಕೋಳಿಯಷ್ಟು ಗಿಡ್ಡವಾಗಿತ್ತು. ನಾಲ್ಕು ಕಡೆ ಸಮ ಇರುವ ನಕ್ಷತ್ರದಂತಹ ಚಿತ್ರದಿಂದ ಶುರು ಮಾಡುವುದು ಒಳ್ಳೆಯದು.

## ವರ್ಷ ವರ್ಷ

ಫೆಬ್ರುವರಿಗೆ ಮೊಮ್ಮಗು ಬರುತ್ತದೆ. ಈ ಕ್ರಿಸ್‌ಮಸ್ಸಿಗೆ ತೂಗಲಾ?

ಹೆಣೆದಿಡಿ, ಹೆಸರಿನ ಜಾಗ ಖಾಲಿ ಬಿಡಿ. ಹಿರಿಯರು ಕೂಸು ಬರುವ ಮೊದಲು ಏನೂ ತೂಗಬಾರದು ಅಂದರೆ ಅವರ ಮಾತು ನಡೆಸಿ, ಪೆಟ್ಟಿಗೆಯಲ್ಲಿ ಇಡಿ. ಹೆಸರಿಟ್ಟ ದಿನ ಹೊಲಿಯಿರಿ.

ಒಳಗೆ ಏನು ಹಾಕ್ತೀರಿ? ನಮ್ಮಲ್ಲಿ ಇರುವೆ ಕಾಟ.

ತುದಿಗೆ ಒಂದು ಕಿತ್ತಳೆ. ಅದರ ಮೇಲೆ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಧಾರವಾಡ ಪೇಡೆ, ಕಾಗದ ಸುತ್ತಿದ ಶೇಂಗಾ ಚಿಕ್ಕಿ, ಪೆನ್ಸಿಲ್, ಗೋಲಿ, ಬಳೆ. ಎಲ್ಲಕ್ಕಿಂತ ಮೇಲೆ ಕೈಯಲ್ಲಿ ಬರೆದ ಒಂದು ಚೀಟಿ. ಕರ್ಚಿಕಾಯಿ ಹಾಕಬೇಡಿ, ಪುಡಿಯಾಗುತ್ತದೆ. ಇರುವೆಗೆ ಒಂದೇ ಉಪಾಯ: ತಿನ್ನುವ ಸಾಮಾನು ಮಕ್ಕಳು ಮಲಗಿದ ಮೇಲೆ, ಆ ಒಂದು ರಾತ್ರಿಗೆ ಮಾತ್ರ ಹಾಕುವುದು. ಹಾವೇರಿಯ ನಮ್ಮ ಚಿಗವ್ವ ಕಾಲುಚೀಲದ ಬಾಯಿಗೆ ಏಲಕ್ಕಿ ಹಾರದ ತುಂಡು ಕಟ್ಟುತ್ತಾರೆ. ಕೋಣೆ ತುಂಬ ಘಮ ಇರುತ್ತದೆ.

ಭಾರಕ್ಕೆ ಜೋತುಬಿದ್ದು ಮೊಣಕಾಲುದ್ದ ಆಗಿದೆ. ಏನು ಮಾಡಲಿ?

ಒಳಗೆ ಬಟ್ಟೆಯ ಅಸ್ತರು ಹಾಕಿ. ಕಾಲುಚೀಲವನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದು, ಹೊಲಿಗೆಗೆ ಒಂದು ಸೆಂಟಿಮೀಟರ್ ಸೇರಿಸಿ ಎರಡು ತುಂಡು ಕತ್ತರಿಸಿ. ಹೊಲಿದು ಒಳಗಿಳಿಸಿ ಬಾಯಿಗೆ ಸೇರಿಸಿ. ತೂಗುಹಾಕಲು ಬಾಯಿಗೆ ಹಾಕಿದ ಕುಣಿಕೆಯನ್ನು ಅಸ್ತರಿಗೂ ಹಿಡಿದು ಹೊಲಿಯಿರಿ, ಆಗ ಭಾರ ಬಟ್ಟೆಯ ಮೇಲೆ ಬೀಳುತ್ತದೆ. ಹೊಸ ಬಟ್ಟೆ ಬೇಡ. ಕೌದಿಗೆ ಹಳೆ ಸೀರೆ ಹಾಕುವ ಹಾಗೆ ಇದಕ್ಕೂ ಹಾಕಿ. ನಮ್ಮಲ್ಲಿ ನಾಲ್ಕು ಕಾಲುಚೀಲದ ಒಳಗೆ ಅತ್ತೆಯ ಒಂದೇ ಇಳಕಲ್ ಸೀರೆ ಇದೆ.

ಒಗೆಯೋದು, ಎತ್ತಿಡೋದು ಹೇಗೆ?

ತಣ್ಣೀರು, ಸ್ವಲ್ಪ ಶಾಂಪೂ. ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಚಪ್ಪಟೆಯಾಗಿ ಒಣಗಿಸಿ. ಅಕ್ರಿಲಿಕ್ ಮೇಲೆ ಇಸ್ತ್ರಿ ಇಡಲೇಬೇಡಿ, ಸತ್ತುಹೋಗುತ್ತದೆ. ಕಂಬಳಿ ಉಣ್ಣೆಯನ್ನು ಮಾತ್ರ ಹುಳ ತಿನ್ನುತ್ತದೆ. ಒಂದು ದಿನ ಬಿಸಿಲಿಗೆ ಹಾಕಿ, ಝಾಡಿಸಿ, ಒಣ ಬೇವಿನ ಎಲೆ ಇಟ್ಟು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಬೇಸಿಗೆಯಲ್ಲಿ ಒಮ್ಮೆ ತೆಗೆದು ನೋಡಿ. ಡಾಂಬರ್ ಗುಳಿಗೆ ಬೇಡ, ಮಕ್ಕಳು ತಿನ್ನುವ ಸಾಮಾನು ಹಾಕುವ ಚೀಲ ಅದು.

ತೀರಿಕೊಂಡವರ ಕಾಲುಚೀಲ ತೂಗಬೇಕಾ, ತೆಗೆದಿಡಬೇಕಾ?

ಒಂದೊಂದು ಮನೆಯ ಮನಸ್ಸು ಒಂದೊಂದು ಥರ. ಅತ್ತೆ ಹೋದ ವರ್ಷ ನಾವು ಅದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ, ನೋಡಲು ಆಗಲಿಲ್ಲ. ಮರುವರ್ಷ ಸಣ್ಣ ಮೊಮ್ಮಗಳೇ, ಆಯಿಯದು ಎಲ್ಲಿ ಎಂದು ಕೇಳಿದಳು. ಅವತ್ತಿನಿಂದ ಅದರ ಜಾಗದಲ್ಲೇ ತೂಗುತ್ತದೆ. ಅದರಲ್ಲಿ ಪ್ರತಿಯೊಬ್ಬರೂ ಅವರ ಬಗ್ಗೆ ನೆನಪಾದ ಒಂದು ಮಾತು ಬರೆದ ಚೀಟಿ ಹಾಕುತ್ತೇವೆ. ಊಟಕ್ಕೆ ಮೊದಲು ಓದುತ್ತೇವೆ.

ಅವ್ವ ಅರ್ಧ ಹೆಣದು ಬಿಟ್ಟು ಹೋಗ್ಯಾರ. ನಾ ಮುಗಸಬಹುದೇನ್ರಿ? ನನ್ನ ಕೈ ಅವರ ಕೈಯಂಗ ಇಲ್ಲ.

ಮುಗಿಸಿ. ಒಂದು ಕುಣಿಕೆಯನ್ನೂ ಬಿಚ್ಚಬೇಡಿ. ಸೂಜಿ ಜಂಗು ಹಿಡಿದಿದ್ದರೆ ಮೊದಲು ಕುಣಿಕೆಗಳನ್ನು ಬೇರೆ ನೂಲಿನಲ್ಲಿ ಪೋಣಿಸಿ ಕಾಪಾಡಿ. ಅವರ ಹೆಣಿಗೆಯಲ್ಲಿ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಇವೆ ಅಳೆದು, ನಿಮ್ಮ ಕೈಗೆ ಅಷ್ಟೇ ಬರುವ ಸೂಜಿ ಹುಡುಕಿ. ಅದೇ ಬಣ್ಣದ ನೂಲು ಹುಡುಕುತ್ತ ಅಲೆಯಬೇಡಿ, ಹಳೆಯ ಲಾಟ್ ಸಿಗುವುದಿಲ್ಲ. ಬೇರೆ ಬಣ್ಣವನ್ನೇ ತನ್ನಿ. ಬಣ್ಣ ಬದಲಾದ ಕಡೆ ಕೈ ಬದಲಾದದ್ದು ಎದ್ದು ಕಾಣುವುದಿಲ್ಲ. ಹಿಮ್ಮಡಿಗೆ ಹೇಗೂ ಇನ್ನೊಂದು ಬಣ್ಣ ಹಾಕುವ ರೂಢಿ ಇದೆ. ಅವರು ಹಿಮ್ಮಡಿಯ ತನಕ ಬಂದಿದ್ದರೆ ಅಲ್ಲಿಂದಲೇ ನಿಮ್ಮ ಬಣ್ಣ ಶುರು ಮಾಡಿ.

ಅತ್ತೆ ಕೊನೆಯದಾಗಿ ಹಿಡಿದದ್ದು ನನ್ನ ಕಿರಿಯ ಮಗನ ಕಾಲುಚೀಲ. 70 ಸುತ್ತು ಹೆಣೆದಿದ್ದರು. ಉಳಿದ 20 ಸುತ್ತನ್ನೂ ಪಾದವನ್ನೂ ನಾನು ಹಸಿರು ನೂಲಿನಲ್ಲಿ ಮುಗಿಸಿದೆ. ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಹೀಗೆ ಬರೆದಿದ್ದೇನೆ: ಕೆಂಪು ಆಯಿಯದು, ಹಸಿರು ಅವ್ವನದು.